ಒಂದೇ ಲಾಗಿನ್, ಒಂದು ಗುಡ್ಡ: ನಮ್ಮ ಕಾಲೇಜಿನ ಅಕೌಂಟ್ ವ್ಯವಸ್ಥೆಯನ್ನು ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ ಇದಕ್ಕೆ 5ಕ್ಕೆ 3 ಸ್ಟಾರ್. ಹೋದ ವರ್ಷ ಜುಲೈನಲ್ಲಿ ಬರೆದಿದ್ದರೆ 1 ಕೊಡುತ್ತಿದ್ದೆ, ಅದೂ ಬೈದುಕೊಂಡು. ಮೊಬೈಲು, ಮಿಕ್ಸಿ, ಹೋಟೆಲ್ ಊಟ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ, ಕಾಲೇಜಿನ ಲಾಗಿನ್ ಬಗ್ಗೆ ಯಾರೂ ಬರೆಯುವುದಿಲ್ಲ. ಅದನ್ನು ನಾವು ದುಡ್ಡು ಕೊಟ್ಟು ತಂದಿದ್ದಲ್ಲ, ನಮ್ಮನ್ನು ಕೇಳಿ ತಂದಿದ್ದೂ ಅಲ್ಲ, ಅದಕ್ಕೇ ಇರಬೇಕು. ಆದರೆ ದಿನಾ ಅದರ ಮುಂದೆ ಕೈಕಟ್ಟಿ ನಿಲ್ಲುವವರು ನಾವೇ ಅಲ್ವಾ.

ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಕಾಲೇಜಿನ ಹೆಸರು ಬೇಡ, ಈ ವ್ಯವಸ್ಥೆ ಮಾರಿದ ಕಂಪನಿಯ ಹೆಸರೂ ಬೇಡ. ವಾರವೆಲ್ಲ ವಿನೋಬನಗರದ ರೂಮು, ಶನಿವಾರ ಮಧ್ಯಾಹ್ನ ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದ ಬಸ್ಸು. ಮನೆ ಅಲ್ಲಿಂದ ಇನ್ನೂ ಒಳಗೆ. ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಬಯಲುಸೀಮೆಯವರಿಗೆ ಇದು ವಿಚಿತ್ರ ಅನ್ನಿಸಬಹುದು, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಗಲಿಯಲ್ಲಿ ಕೂತು ವೈಫೈನಲ್ಲಿ ಕ್ರಿಕೆಟ್ ಲೈವ್ ನೋಡಬಹುದು, ಆದರೆ ಒಂದೇ ಒಂದು ಎಸ್ಸೆಮ್ಮೆಸ್ ಬರಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ವ್ಯವಸ್ಥೆ ಬರುವ ಮುಂಚೆ ನಮಗೆ ಹಾಜರಾತಿಗೆ ಒಂದು ಪಾಸ್‌ವರ್ಡ್, ಇಂಟರ್ನಲ್ ಮಾರ್ಕ್ಸ್‌ಗೆ ಇನ್ನೊಂದು, ಇಮೇಲಿಗೆ ಮತ್ತೊಂದು ಇತ್ತು. ವೈಫೈ ಪಾಸ್‌ವರ್ಡಂತೂ ಸ್ಟಾಫ್ ರೂಮಿನ ಬೋರ್ಡಿನ ಮೂಲೆಯಲ್ಲಿ ಚಾಕ್‌ಪೀಸಿನಲ್ಲಿ ಬರೆದಿರುತ್ತಿತ್ತು, ಅದು ನಮಗಿಂತ ಮೊದಲು ಬಿಕಾಂ ಮೊದಲನೇ ವರ್ಷದ ಹುಡುಗರಿಗೆ ಗೊತ್ತಾಗುತ್ತಿತ್ತು. ಹಿರಿಯ ಮೇಡಂ ಒಬ್ಬರು ತಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟು, ಆ ಪುಸ್ತಕವನ್ನು ಕ್ಲಾಸಿನಲ್ಲೇ ಮರೆತು ಬರುತ್ತಿದ್ದರು. ಈಗ ಬೆಳಿಗ್ಗೆ ಒಂದು ಸಲ ಲಾಗಿನ್ ಆದರೆ ಎಲ್ಲವೂ ತೆರೆಯುತ್ತದೆ. ಇದನ್ನು ಸಿಂಗಲ್ ಸೈನ್ ಆನ್ ಅನ್ನುತ್ತಾರಂತೆ. ಮದುವೆ ಮನೆಯ ಊಟದ ಟೋಕನ್ ಇದ್ದ ಹಾಗೆ. ಬಾಗಿಲಲ್ಲಿ ನಿಂತವರು ನಿಮ್ಮ ಗುರುತು ನೋಡಿ ಟೋಕನ್ ಕೊಡುತ್ತಾರೆ, ಬಡಿಸುವವರು ಟೋಕನ್ ಮಾತ್ರ ನೋಡುತ್ತಾರೆ, ನೀವು ಯಾರ ಪೈಕಿ ಅಂತ ಮತ್ತೆ ಕೇಳುವುದಿಲ್ಲ. ಹಾಜರಾತಿ ಸೈಟಿಗೆ ನನ್ನ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ಒಂದು ಕಡೆ ಸೋರಿದರೆ ಎಲ್ಲ ಕಡೆ ಸೋರುವ ಭಯ ಅಷ್ಟರಮಟ್ಟಿಗೆ ಕಡಿಮೆ. ಆದರೆ ಬಾಗಿಲಲ್ಲೇ ಯಾರಾದರೂ ನನ್ನ ವೇಷ ಹಾಕಿಕೊಂಡು ಬಂದರೆ ಇಡೀ ಊಟ ಅವರದ್ದೇ. ಅದಕ್ಕೇ ಪಾಸ್‌ವರ್ಡ್ ಜೊತೆ ಇನ್ನೊಂದು ಪರೀಕ್ಷೆ ಇಡುತ್ತಾರೆ. ಆ ಕತೆಗೆ ಆಮೇಲೆ ಬರುತ್ತೇನೆ.

ಇನ್ನೊಂದು ನನಗೆ ಇಷ್ಟವಾಗಿದ್ದು, ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ಕಾಣುತ್ತದೆ. ಮೊದಲು ಯಾರು ಯಾರ ಸಬ್ಜೆಕ್ಟಿನ ಮಾರ್ಕ್ಸ್ ಬೇಕಾದರೂ ತಿದ್ದಬಹುದಿತ್ತು, ಯಾರೂ ತಿದ್ದುತ್ತಿರಲಿಲ್ಲ ಅನ್ನುವುದು ನಮ್ಮ ಪುಣ್ಯ. ಈಗ ನನಗೆ ನನ್ನ ಎರಡು ಪೇಪರ್ ಮಾತ್ರ. ಯಾರು, ಯಾವಾಗ, ಏನು ಬದಲಿಸಿದರು ಅಂತ ದಾಖಲೆಯೂ ಉಳಿಯುತ್ತದೆ. ಒಬ್ಬ ಹುಡುಗ ಬಂದು 'ಮೇಡಂ, ನನ್ನ 17 ಮಾರ್ಕ್ಸ್ 11 ಆಗಿದೆ, ಯಾರೋ ಬದಲಿಸಿದ್ದಾರೆ' ಅಂದಾಗ ನಾನು ಭಾರಿ ಜೋರಿನಲ್ಲಿ ದಾಖಲೆ ತೆಗೆಸಿ ನೋಡಿದೆ. ಸಂಜೆ 4 ಗಂಟೆ 12 ನಿಮಿಷಕ್ಕೆ ನಾನೇ ಬದಲಿಸಿದ್ದೆ. ಬಸ್ಸಿಗೆ ಹೊರಡುವ ಗಡಿಬಿಡಿ. ಆ ಹುಡುಗನ ಮುಂದೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ, ಆದರೆ ವ್ಯವಸ್ಥೆಗೆ ಅರ್ಧ ಸ್ಟಾರ್ ಅಲ್ಲೇ ಸಿಕ್ಕಿತು.

ಈಗ ಆ ಜುಲೈ ರಾತ್ರಿ. ಇಂಟರ್ನಲ್ ಮಾರ್ಕ್ಸ್ ಹಾಕಲು ಅವತ್ತೇ ಕೊನೆಯ ದಿನ, ರಾತ್ರಿ 12ಕ್ಕೆ ಬಂದ್. ಮೂರು ದಿನದಿಂದ ಒಂದೇ ಸಮ ಮಳೆ, ರಜೆ ಸಿಕ್ಕಿದ್ದರಿಂದ ನಾನು ಊರಿನಲ್ಲೇ ಇದ್ದೆ. ಕರೆಂಟಿಲ್ಲ, ಇನ್ವರ್ಟರ್ ಮೇಲೆ ವೈಫೈ ಓಡುತ್ತಿತ್ತು. ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆಗೆದು ಯೂಸರ್‌ನೇಮ್ ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ, 5 ನಿಮಿಷದೊಳಗೆ ಹಾಕಿ ಅಂತ ಬಂತು. ಗುಡ್ಡದ ತಲೆಗೆ ಹೋಗಲು ಬೇಸಿಗೆಯಲ್ಲೇ ಏಳೆಂಟು ನಿಮಿಷ ಬೇಕು. ತಮ್ಮ ನನ್ನ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಹೊರಟ. ಅವನು ಮೇಲೆ ಹೋಗಿ, ನಂಬರ್ ನೋಡಿ, ಜಾರಿ ಬಿದ್ದು, ಕೆಳಗೆ ಬರುವಷ್ಟರಲ್ಲಿ ಟೈಮ್ ಮುಗಿದು ಎಷ್ಟೋ ಹೊತ್ತಾಗಿತ್ತು.

ಎರಡನೇ ಸಲಕ್ಕೆ ಒಂದು ಉಪಾಯ ಮಾಡಿದೆವು. ಅವನು ಮೇಲೆಯೇ ನಿಂತು ಟಾರ್ಚ್ ಆಡಿಸುವುದು, ಬೆಳಕು ಕಂಡ ಕೂಡಲೇ ನಾನು ಬಟನ್ ಒತ್ತುವುದು, ಓಟಿಪಿ ಬಂದ ಹಾಗೇ ಅವನು ಅಲ್ಲಿಂದ ಕೂಗುವುದು. ಮಳೆಯ ಸದ್ದಿನಲ್ಲಿ ಅವನು ಕೂಗಿದ 'ಏಳು' ನನಗೆ 'ಏನು' ಅಂತ ಕೇಳಿತು. 'ಏನಿಲ್ಲ, ನಂಬರ್ ಹೇಳೋ' ಅಂತ ನಾನು. 'ಏಳು ಅಕ್ಕಾ, ಏಳು' ಅಂತ ಅವನು. 'ಎದ್ದೇ ಇದ್ದೀನಲ್ಲೋ' ಅಂತ ನಾನು. ಕೊನೆಗೆ ಅಮ್ಮ ಅಂಗಳದ ಮಧ್ಯೆ ಛತ್ರಿ ಹಿಡಿದು ನಿಂತು ಒಂದೊಂದೇ ಅಂಕಿ ಕೇಳಿ ಕೇಳಿ ನನಗೆ ದಾಟಿಸಿದಳು. ಐದನೇ ಪ್ರಯತ್ನಕ್ಕೆ ಒಳಗೆ ಹೋದೆ, ಆಗ ಹತ್ತೂ ಮುಕ್ಕಾಲು. ತಮ್ಮನ ಕಾಲಿಂದ ಮೂರು ಇಂಬಳ ಕಿತ್ತೆವು. ಆ ಮೆಸೇಜಿನಲ್ಲಿ ಈ ನಂಬರನ್ನು ಯಾರಿಗೂ ಹೇಳಬೇಡಿ ಅಂತ ಬರೆದಿರುತ್ತದೆ ನೋಡಿ. ಬೆಳಿಗ್ಗೆ ಆಚೆಮನೆ ಅಜ್ಜ ಬೇಲಿ ಹತ್ತಿರ ನಿಂತು, 'ನಿನ್ನೆ ರಾತ್ರಿ ಏಳು ಎರಡು ನಾಲ್ಕು ಅಂತ ಕೂಗ್ತಿದ್ರಲ್ಲ, ಲಾಟರಿ ನಂಬರೇನೇ ಅದು?' ಅಂತ ಕೇಳಿದರು.

ಸೋಮವಾರ ಕಾಲೇಜಿಗೆ ಹೋದವಳೇ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸರ್ ಹತ್ತಿರ ಜಗಳಕ್ಕೇ ನಿಂತೆ. ಈ ವ್ಯವಸ್ಥೆಯ ಅಡ್ಮಿನ್ ಅವರೇ. ಪ್ರಿಂಟರ್ ಕೆಟ್ಟರೂ ಅವರೇ, ಪ್ರೊಜೆಕ್ಟರ್ ಕೆಟ್ಟರೂ ಅವರೇ, ಪಾಪ. ಪೂರ್ತಿ ಕೇಳಿಸಿಕೊಂಡು, 'ಮೇಡಂ, ಇದರಲ್ಲೇ ಆಥೆಂಟಿಕೇಟರ್ ಆ್ಯಪ್ ಹಾಕುವ ಆಯ್ಕೆ ಇದೆ, ಯಾರೂ ಕೇಳಲಿಲ್ಲ ಅಂತ ಆಫ್ ಇಟ್ಟಿದ್ದೆ' ಅಂದರು. ನನಗೆ ಬಂದ ಸಿಟ್ಟು ಹೇಳತೀರದು. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನಿಂದ ಬರುವ ಮಕ್ಕಳು ತುಂಬಿರುವ ಕಾಲೇಜಿನಲ್ಲಿ ಮೊದಲ ದಿನವೇ ಆನ್ ಮಾಡಬೇಕಾಗಿದ್ದು ಅದು. ಇರುವುದು ಯಾರಿಗೂ ಗೊತ್ತಿಲ್ಲದಿದ್ದರೆ ಕೇಳುವುದು ಹೇಗೆ?

ಈ ಆ್ಯಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಇದು ನಿಜಕ್ಕೂ ಉಪಯೋಗ. ಪರದೆಯ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಆ್ಯಪ್‌ನಿಂದ ಒಂದು ಸಲ ಸ್ಕ್ಯಾನ್ ಮಾಡಬೇಕು. ಆಗ ಒಂದು ಗುಟ್ಟಿನ ಕೀಲಿ ನಿಮ್ಮ ಫೋನಿನಲ್ಲಿ ಕೂರುತ್ತದೆ, ಅದೇ ಕೀಲಿ ಕಾಲೇಜಿನ ಸರ್ವರ್‌ನಲ್ಲೂ ಇರುತ್ತದೆ. ಆಮೇಲೆ ಎರಡೂ ಕಡೆ ಆ ಕೀಲಿಗೆ ಈಗಿನ ಸಮಯ ಸೇರಿಸಿ ಲೆಕ್ಕ ಹಾಕಿ, 30 ಸೆಕೆಂಡಿಗೊಂದು ಹೊಸ 6 ಅಂಕಿ ತೆಗೆಯುತ್ತವೆ. ಲೆಕ್ಕ ಒಂದೇ, ಉತ್ತರವೂ ಒಂದೇ. ಫೋನಿಗೆ ಸಿಗ್ನಲ್ ಬೇಡ, ಇಂಟರ್‌ನೆಟ್ಟೂ ಬೇಡ, ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ ನಡೆಯುತ್ತದೆ. ಅಮ್ಮನಿಗೆ ನಾನು ಹೇಳಿದ್ದು ಹೀಗೆ: ನಮ್ಮ ಮನೆಯಲ್ಲೂ ಅಜ್ಜಿ ಮನೆಯಲ್ಲೂ ಒಂದೇ ಪಂಚಾಂಗ ಇದ್ದರೆ, ಇವತ್ತು ಏಕಾದಶಿಯೋ ಅಲ್ಲವೋ ಅಂತ ಫೋನ್ ಮಾಡಿ ಕೇಳಬೇಕಾ? ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಇದರ ಲೆಕ್ಕ ಹೇಗೆ ಅನ್ನುವುದು ಆರ್‌ಎಫ್‌ಸಿ 6238 ಅನ್ನುವ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ 2011ರಲ್ಲೇ ಪ್ರಕಟವಾಗಿದೆ, ಯಾರು ಬೇಕಾದರೂ ಓದಬಹುದು. ಆ್ಯಪ್‌ಗೂ ದುಡ್ಡು ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಫೋನಿನ ಗಡಿಯಾರ ಸರಿ ಇರಬೇಕು. ನಮ್ಮ ಇನ್ನೊಬ್ಬ ಮೇಡಂಗೆ ಎಷ್ಟು ಸಲ ಹಾಕಿದರೂ ತಪ್ಪು ತಪ್ಪು ಅಂತಲೇ ಬರುತ್ತಿತ್ತು. ನೋಡಿದರೆ ಭದ್ರಾವತಿ ಬಸ್ಸು ತಪ್ಪಬಾರದು ಅಂತ ಫೋನಿನ ಟೈಮನ್ನೇ ಐದು ನಿಮಿಷ ಮುಂದಿಟ್ಟುಕೊಂಡಿದ್ದರು! ಅವರ ಫೋನು ಐದು ನಿಮಿಷ ಆಚೆಗಿನ ಅಂಕಿ ತೋರಿಸುತ್ತಿತ್ತು, ಸರ್ವರ್ ಒಪ್ಪುವುದು ಹೇಗೆ. ಇನ್ನೊಂದು ಮಾತು, ಫೋನು ತೋಟದ ಕಾಲುವೆಯಲ್ಲಿ ಬಿದ್ದರೆ ಕೀಲಿಯೂ ಅದರ ಜೊತೆಗೇ ಹೋಯಿತು. ಅದಕ್ಕೆ ಬ್ಯಾಕಪ್ ಕೋಡ್ ತೆಗೆದಿಟ್ಟುಕೊಳ್ಳಿ. ಗೂಗಲ್ ಅಕೌಂಟಿಗಾದರೆ 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಕಾಲೇಜಿನದ್ದೂ ಹಾಗೇ ಇದೆ. ನಾನು ಪ್ರಿಂಟ್ ತೆಗೆದು ರೇಷನ್ ಕಾರ್ಡ್ ಇಡುವ ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಹಾಗಂತ ಇದೇನೂ ರಕ್ಷಾಕವಚ ಅಲ್ಲ. ಕಾಲೇಜಿನ ಪುಟದ ಹಾಗೇ ಕಾಣುವ ನಕಲಿ ಪುಟದಲ್ಲಿ ನೀವೇ ಹೋಗಿ ಆ 6 ಅಂಕಿ ಟೈಪ್ ಮಾಡಿದರೆ ಯಾವ ಆ್ಯಪ್ ಏನು ಮಾಡೀತು. ವಿಳಾಸ ನೋಡಿಕೊಳ್ಳಬೇಕು, ಅಷ್ಟೇ.

ಪಾಸ್‌ವರ್ಡ್ ನಿಯಮದ ಬಗ್ಗೆ ನನಗೆ ಇನ್ನೂ ತಕರಾರಿದೆ. 45 ದಿನಕ್ಕೊಮ್ಮೆ ಬದಲಿಸಲೇಬೇಕು, ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು, ಚಿಹ್ನೆ ಇರಬೇಕು. ಫಲ ಏನಾಗಿದೆ ಅಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಮಗಳ ಹೆಸರು, ಒಂದು ಅಟ್, ಕೊನೆಗೆ 1. ಮುಂದಿನ ಸಲ 2. ಈಗ ಕೆಲವರದ್ದು 14ಕ್ಕೆ ಬಂದು ನಿಂತಿದೆ. ಅಮೆರಿಕದ ಎನ್‌ಐಎಸ್‌ಟಿ ಅನ್ನುವ ಸರ್ಕಾರಿ ಸಂಸ್ಥೆ 2003ರಲ್ಲಿ ಈ ಥರದ ಸಲಹೆ ಕೊಟ್ಟಿತ್ತು, ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಹಾಗೆ ಬರೆದಿದ್ದಕ್ಕೆ ಬೇಜಾರಾಗಿದೆ ಅಂತ ಪತ್ರಿಕೆಯವರಿಗೆ ಹೇಳಿದರು. ಅದೇ ವರ್ಷ ಆ ಸಂಸ್ಥೆ ಮಾರ್ಗಸೂಚಿಯನ್ನೂ ತಿದ್ದಿತು. ಪಾಸ್‌ವರ್ಡ್ ಉದ್ದ ಇರಲಿ, ಸೋರಿದೆ ಅಂತ ಸುಳಿವು ಸಿಕ್ಕರೆ ಮಾತ್ರ ಬದಲಿಸಿ, ಸುಮ್ನೆ ದಿನ ಲೆಕ್ಕ ಹಾಕಿ ಬದಲಿಸಬೇಡಿ ಅಂತ. ಇಷ್ಟು ವರ್ಷ ಆದ ಮೇಲೂ ಆ ಸುದ್ದಿ ನಮ್ಮ ಕಾಲೇಜಿಗೆ ಬಂದಿಲ್ಲ. ಯಾವ ಬಸ್ಸಿಗೆ ಹಾಕಿದ್ದಾರೋ.

ನನ್ನ ಕಷ್ಟ ಬಿಡಿ, ಮಕ್ಕಳದ್ದು ಇನ್ನೂ ದೊಡ್ಡದು. ಇಡೀ ವ್ಯವಸ್ಥೆ ಒಂದು ಮೊಬೈಲ್ ನಂಬರ್ ಅಂದರೆ ಒಬ್ಬ ಮನುಷ್ಯ ಅಂದುಕೊಂಡಿದೆ. ನಮ್ಮ ಕಡೆ ಹಾಗಿಲ್ಲ. ಅಡ್ಮಿಶನ್ ಫಾರಂನಲ್ಲಿ ಅಪ್ಪನ ನಂಬರ್, ಇಲ್ಲ ಚಿಕ್ಕಪ್ಪನ ನಂಬರ್, ಏನೂ ಇಲ್ಲದಿದ್ದರೆ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನವನ ನಂಬರ್. ಇಮೇಲ್ ಐಡಿಯನ್ನೂ ಅವನೇ ಮಾಡಿಕೊಟ್ಟಿರುತ್ತಾನೆ, ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿರುತ್ತದೆ. ಅವನು ಒಳ್ಳೆಯವನೇ ಇರಬಹುದು. ಆದರೆ ಡಿಗ್ರಿ ಮುಗಿಯುವವರೆಗೂ ಪ್ರತಿ ಲಾಗಿನ್‌ಗೂ ಅವನ ಅಂಗಡಿ ಬಾಗಿಲಿಗೆ ಹೋಗಬೇಕು, ಭಾನುವಾರ ಅಂಗಡಿ ರಜೆ.

ನನ್ನ ಕ್ಲಾಸಿನ ಒಬ್ಬ ಹುಡುಗಿ ಅಪ್ಪನ ನಂಬರ್ ಕೊಟ್ಟಿದ್ದಳು. ಅವರು ಹೊಸ ಸಿಮ್ ತಗೊಂಡು ಹಳೆಯದಕ್ಕೆ ರೀಚಾರ್ಜ್ ಮಾಡುವುದನ್ನೇ ಬಿಟ್ಟರು. ಹೀಗೆ ಬಿಟ್ಟ ನಂಬರ್ ಬಂದ್ ಆಗಿ 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು, ಕೊಟ್ಟರು. ಇವಳ ಓಟಿಪಿ ಎಲ್ಲ ಯಾರೋ ಗೊತ್ತಿಲ್ಲದ ಗಂಡಸಿನ ಫೋನಿಗೆ ಹೋಗುತ್ತಿತ್ತು. ನಂಬರ್ ಬದಲಿಸಿಕೊಡಿ ಅಂತ ಆಫೀಸಿಗೆ ಹೋದರೆ ಅರ್ಜಿ ಬರೆಸಿದರು, ವಿಭಾಗದ ಮುಖ್ಯಸ್ಥರ ಸಹಿ, ಪ್ರಿನ್ಸಿಪಾಲರ ಸಹಿ ಹಾಕಿಸಿಕೊಂಡು ಬಾ ಅಂದರು. ಎಲ್ಲ ಆದ ಮೇಲೆ ಕಂಪ್ಯೂಟರ್ ಏನು ಕೇಳಿತು ಗೊತ್ತಾ? ಹಳೆಯ ನಂಬರಿಗೆ ಓಟಿಪಿ ಕಳಿಸಿದ್ದೇವೆ, ಹಾಕಿ ಅಂತ. ಆ ಹುಡುಗಿ ನನ್ನ ಮುಂದೆಯೇ ಅತ್ತಳು. ಕೊನೆಗೆ ಲ್ಯಾಬಿನ ಸರ್ ಅವಳ ಕಾಲೇಜ್ ಐಡಿ ಕಾರ್ಡ್ ನೋಡಿ, ಮುಖ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ತಾವೇ ಬದಲಿಸಿದರು, ಎರಡು ನಿಮಿಷದ ಕೆಲಸ. ನನ್ನ ಪ್ರಕಾರ ಅದೇ ಸರಿಯಾದ ದಾರಿ. ಅಷ್ಟು ಕೋಡು, ಅಷ್ಟು ಮೆಸೇಜು ಇದ್ದರೂ, ಇವಳು ಇವಳೇ ಅಂತ ಖಾತ್ರಿಯಾಗಿ ಹೇಳಬಲ್ಲವರು ದಿನಾ ಅವಳ ಮುಖ ನೋಡುವವರೇ.

ಹೆಸರಿನ ಗೋಳು ಬೇರೆ. ನಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಹೆಚ್.ಎಸ್. ಅಂತ ಇನಿಶಿಯಲ್ ಇರುತ್ತದೆ. ಆಧಾರ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಂದಿರುತ್ತದೆ. ನಮ್ಮ ಆಫೀಸಿನವರು ಟೈಪ್ ಮಾಡುವಾಗ ಮೂರನೇ ರೀತಿ ಹಾಕಿರುತ್ತಾರೆ. ಈಗ ಎಲ್ಲರಿಗೂ ಅಪಾರ್ ಐಡಿ ಅಂತ 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆ ಮಾಡಿಸಿ ಅನ್ನುತ್ತಾರೆ, ಓದಿ ಪಾಸಾದ ಪೇಪರಿಗೆ ಸಿಗುವ ಕ್ರೆಡಿಟ್‌ಗಳೆಲ್ಲ ಅದರಡಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮಾ ಆಗುತ್ತವೆ. ಈ ಬ್ಯಾಂಕಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ನಿಯಮ ಮಾಡಿದೆ. ಯೋಚನೆ ಒಳ್ಳೆಯದೇ, ಒಂದು ಕಡೆ ಓದು ಬಿಟ್ಟು ಇನ್ನೊಂದು ಕಡೆ ಮುಂದುವರಿಸುವವರಿಗೆ ಅನುಕೂಲ. 2015ರಲ್ಲಿ ಶುರುವಾದ ಡಿಜಿಲಾಕರ್‌ನಿಂದ ಮಾರ್ಕ್ಸ್ ಕಾರ್ಡ್ ತೆಗೆಯುವುದೂ ಈಗ ಮಕ್ಕಳಿಗೆ ಸಲೀಸು. ಆದರೆ ಹೆಸರು ತಾಳೆಯಾಗಬೇಕು, ಒಂದು ಚುಕ್ಕಿ, ಒಂದು ಖಾಲಿ ಜಾಗ ಆಚೀಚೆ ಆದರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ನಮ್ಮ ಕಾಲೇಜಿನ ವ್ಯವಸ್ಥೆಯಲ್ಲಿ ತಪ್ಪು ಹೆಸರನ್ನು ವಿದ್ಯಾರ್ಥಿಯೇ ನೋಡಿ ತಿದ್ದಲು ಅರ್ಜಿ ಹಾಕುವ ಜಾಗವೇ ಇಲ್ಲ. ಜಿಲ್ಲೆ ಆರಿಸುವ ಪಟ್ಟಿಯಲ್ಲಿ ಶಿಮೊಗ್ಗ ಒಂದು, ಶಿವಮೊಗ್ಗ ಒಂದು, ಎರಡೂ ಇವೆ. ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ರಂದು! ವರದಿ ತೆಗೆದರೆ ನಮ್ಮ ಕಾಲೇಜಿಗೆ ಎರಡು ಜಿಲ್ಲೆಯ ಮಕ್ಕಳು ಬರುತ್ತಾರೆ, ಎರಡೂ ನಮ್ಮದೇ.

ಲೈಬ್ರರಿ ಬಗ್ಗೆ ಎರಡೇ ಮಾತು. ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನವರು ಕಾಲೇಜುಗಳಿಗೆ ಎನ್-ಲಿಸ್ಟ್ ಅನ್ನುವ ಯೋಜನೆಯ ಮೂಲಕ ಇ-ಪುಸ್ತಕ, ಜರ್ನಲ್ ಓದಲು ಕೊಡುತ್ತಾರೆ, ಮನೆಯಲ್ಲಿ ಕೂತು ಓದಬಹುದು, ಚಿನ್ನದಂಥ ಸೌಲಭ್ಯ. ಒಂದೇ ಲಾಗಿನ್ ಅಂತ ಬ್ಯಾನರ್ ಕಟ್ಟಿದ ನಮ್ಮವರು ಅದನ್ನು ಮಾತ್ರ ಹೊರಗೆ ಬಿಟ್ಟಿದ್ದಾರೆ, ಅದಕ್ಕೆ ಬೇರೆ ಪಾಸ್‌ವರ್ಡ್. ಬೆಂಗಳೂರಿನ ಒಂದು ಸಂಸ್ಥೆಗೆ ವರ್ಕ್‌ಶಾಪ್‌ಗೆ ಹೋದಾಗ ಅಲ್ಲಿ ಎಜುರೋಮ್ ಅಂತ ವೈಫೈ ಇತ್ತು. ಸದಸ್ಯ ಸಂಸ್ಥೆಯವರು ಯಾವ ದೇಶದ ಕ್ಯಾಂಪಸ್ಸಿಗೆ ಹೋದರೂ ತಮ್ಮ ಕಾಲೇಜಿನ ಐಡಿಯನ್ನೇ ಹಾಕಿದರೆ ಸಾಕು, ಪಾಸ್‌ವರ್ಡ್ ಪರೀಕ್ಷೆ ಅವರ ಕಾಲೇಜಿನಲ್ಲೇ ಆಗುತ್ತದೆ. ನಮ್ಮ ದೇಶದಲ್ಲಿ ಅದನ್ನು ನಡೆಸುವುದು ಶಿಕ್ಷಣ, ಸಂಶೋಧನೆಗೆ ನೆಟ್‌ವರ್ಕ್ ಒದಗಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅರ್ನೆಟ್. ಪಕ್ಕದಲ್ಲಿದ್ದವರ ಫೋನು ತಾನಾಗಿಯೇ ಸೇರಿಕೊಂಡಿತು. ನಾನು ಹಾಟ್‌ಸ್ಪಾಟ್ ಕೊಡ್ತೀರಾ ಅಂತ ಕೇಳಿಕೊಂಡು ಕೂತಿದ್ದೆ.

ಇನ್ನು ನನ್ನನ್ನು ನಿಜಕ್ಕೂ ನೋಯಿಸಿದ್ದು. ಅತಿಥಿ ಉಪನ್ಯಾಸಕರ ಅವಧಿ ಮುಗಿದ ದಿನವೇ ಅಕೌಂಟ್ ಬಂದ್. ಸರಿ, ನಿಯಮ ಹಾಗೇ ಇರಬೇಕು, ಬಿಟ್ಟು ಹೋದವರ ಬಾಗಿಲು ತೆರೆದಿಡಬಾರದು, ಒಪ್ಪುತ್ತೇನೆ. ಆದರೆ ಬಂದ್ ಮಾಡುವುದಕ್ಕೂ ಅಳಿಸಿ ಹಾಕುವುದಕ್ಕೂ ವ್ಯತ್ಯಾಸ ಇದೆ. ನಮ್ಮ ಇಮೇಲ್ ಇರುವುದು ಗೂಗಲ್‌ನಲ್ಲಿ. ಅಲ್ಲಿ ಅಕೌಂಟನ್ನು ಸುಮ್ನೆ ತಡೆಹಿಡಿದಿಟ್ಟರೆ ಒಳಗಿರುವುದು ಹಾಗೇ ಇರುತ್ತದೆ. ಅಳಿಸಿದರೆ ಅಡ್ಮಿನ್‌ಗೆ ಅದನ್ನು ವಾಪಸ್ ತರಲು ಇರುವುದು 20 ದಿನ. ಅಳಿಸುವಾಗ ಫೈಲುಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗ ಮಾಡುವ ಆಯ್ಕೆಯೂ ಇದೆ. ನನ್ನದನ್ನು ಅಳಿಸಿದ್ದರು, ಯಾರ ಹೆಸರಿಗೂ ವರ್ಗ ಮಾಡಿರಲಿಲ್ಲ. ನನ್ನನ್ನು ಮತ್ತೆ ಕರೆದಿದ್ದು ಸುಮಾರು ಎರಡು ತಿಂಗಳಿಗೆ. ನಾಲ್ಕು ವರ್ಷದಿಂದ ಒಂದೊಂದೇ ಸೇರಿಸಿಟ್ಟಿದ್ದ ಪ್ರಶ್ನೆಗಳು, ಕಾಸ್ಟ್ ಅಕೌಂಟಿಂಗ್ ಲೆಕ್ಕಗಳನ್ನು ಕನ್ನಡದಲ್ಲಿ ಬಿಡಿಸಿ ಬರೆದ ನೋಟ್ಸ್, ಎಲ್ಲ ಹೋಯಿತು. ಹೊಸ ಅಕೌಂಟಿನಲ್ಲಿ ನನ್ನ ಹೆಸರಿನ ಮುಂದೆ 2 ಸೇರಿಕೊಂಡಿತ್ತು, ನಾನೇ ನನಗೆ ಎರಡನೆಯವಳಾದ ಹಾಗೆ.

ಕೇಳಿದರೆ ಜಾಗ ಸಾಲುತ್ತಿಲ್ಲ ಅಂದರು. ಅದೂ ಪೂರ್ತಿ ಸುಳ್ಳಲ್ಲ. ಮೊದಲು ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದೆ ಜಾಗ ಕೊಡುತ್ತಿತ್ತು, ಇನ್ನು ಮೇಲೆ ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ (ಟಿಬಿ) ಮಾತ್ರ ಅಂತ 2021ರಲ್ಲಿ ಹೇಳಿತು. ಆದರೆ ಅತಿಥಿ ಉಪನ್ಯಾಸಕರ ವರ್ಡ್ ಫೈಲುಗಳಿಂದ ಎಷ್ಟು ಟಿಬಿ ತುಂಬೀತು ಹೇಳಿ. ಇದೇ ಹೊತ್ತಿಗೆ ಮೂರು ವರ್ಷದ ಹಿಂದೆ ನಿವೃತ್ತರಾದ ಒಬ್ಬ ಸರ್ ಅಕೌಂಟ್ ಇವತ್ತಿಗೂ ಚಾಲೂ ಇದೆ. ಮಾರ್ಕ್ಸ್ ಪುಟದಲ್ಲಿ ಸಬ್ಜೆಕ್ಟ್ ಟೀಚರ್ ಅಂತ ಅವರ ಹೆಸರು ಬರುತ್ತದೆ. ಕಾಯಂ ಆದವರನ್ನು ಪಟ್ಟಿಯಿಂದ ತೆಗೆಯಲು ಯಾರಿಗೂ ನೆನಪಾಗುವುದಿಲ್ಲ, ತಾತ್ಕಾಲಿಕದವರನ್ನು ತೆಗೆಯಲು ಯಾರೂ ಮರೆಯುವುದಿಲ್ಲ.

ಹಾಗಾದರೂ 3 ಯಾಕೆ ಕೊಟ್ಟೆ ಅಂದರೆ, ಆಥೆಂಟಿಕೇಟರ್ ಈಗ ಎಲ್ಲರಿಗೂ ಆನ್ ಆಗಿದೆ, ನಾನೇ ನನ್ನ ಕ್ಲಾಸಿನವರ ಫೋನಿಗೆಲ್ಲ ಹಾಕಿಸಿದ್ದೇನೆ. ಪಾಸ್‌ವರ್ಡ್‌ಗಳ ಗೊಂದಲ ಹೋಗಿದೆ. ಲ್ಯಾಬಿನ ಸರ್ ಮುಖ ನೋಡಿ ನಂಬರ್ ಬದಲಿಸುವುದನ್ನು ಈಗ ಲಿಖಿತ ಕ್ರಮವಾಗಿಯೇ ಮಾಡಿದ್ದಾರೆ, ವಾರಕ್ಕೆ ಒಂದು ದಿನ, ಬುಧವಾರ ಮಧ್ಯಾಹ್ನ. ನಿಮ್ಮ ಕಾಲೇಜಿನಲ್ಲೂ ಇಂಥದ್ದೇ ತರುತ್ತಿದ್ದರೆ ಮೀಟಿಂಗಿನಲ್ಲಿ ಎರಡು ಪ್ರಶ್ನೆ ಕೇಳಿ: ಸಿಗ್ನಲ್ ಇಲ್ಲದ ಮನೆಯಿಂದ ಒಳಗೆ ಬರುವುದು ಹೇಗೆ, ಬಿಟ್ಟು ಹೋಗುವಾಗ ನನ್ನ ಫೈಲು ನನಗೆ ಸಿಗುವುದು ಹೇಗೆ.

ಅಂದಹಾಗೆ, ಅಳಿಸಿ ಹಾಕಿದ ಆ ಹಳೆಯ ಅಕೌಂಟ್ ನನ್ನ ಆ್ಯಪ್‌ನಲ್ಲಿ ಇನ್ನೂ ಇದೆ. ಅದರ 6 ಅಂಕಿ ಈಗಲೂ 30 ಸೆಕೆಂಡಿಗೊಮ್ಮೆ ಬದಲಾಗುತ್ತಲೇ ಇರುತ್ತವೆ, ಇಲ್ಲದ ಮನೆಯ ಬೀಗದ ಕೈ ಇದ್ದ ಹಾಗೆ. ತೆಗೆಯಲು ಮನಸ್ಸಾಗಿಲ್ಲ. ಮುಂದಿನ ತಿಂಗಳು ಈ ವರ್ಷದ ಅವಧಿಯೂ ಮುಗಿಯುತ್ತದೆ. ಈ ಸಲ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೇನೆ. ಮತ್ತೆ ಕರೆದಾಗ ಹೆಸರಿನ ಮುಂದೆ 3 ಬಂದಿದ್ದರೆ ಇಲ್ಲಿಯ 3 ಸ್ಟಾರನ್ನು 2 ಮಾಡುತ್ತೇನೆ.